ಪ್ರಸಾದಿಯ ಹಸಿವು

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಉಣ್ಣುವ ಕ್ರಿಯೆಯನ್ನು ಸಾಧನೆಯ ಹೊರಗಿಡದೆ, ಅದಕ್ಕೆ ಸಾಧನೆಯ ಸೋಪಾನದಲ್ಲಿಯೇ ಸ್ಥಾನವನ್ನಿತ್ತದ್ದು ಶಿವಶರಣರ ಹಿರಿಮೆ. ಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪ್ರಸಾದವಾಗುತ್ತದೆ. ಅದನ್ನು ಸ್ವೀಕರಿಸಿದ ಕಾಯವು ಪ್ರಸಾದಕಾಯವಾಗುತ್ತದೆ. ಇದನ್ನು ಭಕ್ತರೆಲ್ಲರೂ ಬಲ್ಲರು. ಆದರೆ ಆ ಪ್ರಸಾದವನ್ನು ಎಷ್ಟು ಸ್ವೀಕರಿಸಬೇಕು? ಯಾರನ್ನು ಕೇಳಿ ಸ್ವೀಕರಿಸಬೇಕು? ಇದನ್ನು ವಿಚಾರಿಸುವವರು ವಿರಳ.

ಪ್ರಸಾದವನ್ನು ಚೆಲ್ಲಬಾರದೆಂಬುದು ವೀರಶೈವ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದ ನೇಮ. ಅಗುಳು ಬಿಡದಂತೆ ಉಂಡು, ತಳಿಗೆಯನ್ನು ತೊಳೆದ ನೀರನ್ನೂ ಕುಡಿಯುವ ಹಿರಿಯರು ಇಂದಿಗೂ ಇದ್ದಾರೆ. ನೇಮವು ದೊಡ್ಡದು; ಆದರೆ ಅದರ ನೆರಳಿನಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಜಾತ್ರೆಯ ದಾಸೋಹದಲ್ಲಿ, ಮದುವೆಯ ಪಂಕ್ತಿಯಲ್ಲಿ, ಬಡಿಸುವವರು ಹೋಳಿಗೆಯ ಮೇಲೆ ಹೋಳಿಗೆಯನ್ನಿಡುತ್ತಾರೆ. ಹೊಟ್ಟೆಯು ಸಾಕೆಂದು ಹೇಳಿ ಎಷ್ಟೋ ಹೊತ್ತಾಗಿದ್ದರೂ “ಪ್ರಸಾದಕ್ಕೆ ಒಲ್ಲೆ ಎನ್ನಬಾರದು” ಎಂದು ಉಣ್ಣುವವರು ಉಣ್ಣುತ್ತಾರೆ. ಮಧುಮೇಹವುಳ್ಳ ವೃದ್ಧರು ಪಾಪಭೀತಿಯಿಂದ ಗೋಧಿಹುಗ್ಗಿಯನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ; ರಾತ್ರಿಯೆಲ್ಲ ಸಂಕಟಪಡುತ್ತಾರೆ. ಇದು ಪ್ರಸಾದಕ್ಕೆ ತೋರಿದ ಗೌರವವೇ?

ಅಲ್ಲವೆಂದೇ ಹೇಳಬೇಕು. ಶರಣರು ಶರೀರವನ್ನು ಶಿವಾಲಯವೆಂದು ಕಂಡವರು. ಕರಸ್ಥಲದ ಇಷ್ಟಲಿಂಗವನ್ನು ಪೂಜಿಸುವವನು ತನ್ನೊಳಗಿನ ಪ್ರಾಣಲಿಂಗವನ್ನು ಮರೆಯಲಾಗದು. ಹಸಿವೂ ತೃಪ್ತಿಯೂ ಆ ಪ್ರಾಣದ ನುಡಿಗಳು. ಷಟ್‌ಸ್ಥಲಶಾಸ್ತ್ರವು ಪ್ರಸಾದಿಸ್ಥಲಕ್ಕೆ ಅಗ್ನಿತತ್ತ್ವವನ್ನು ಹೇಳಿದೆ. ಆಹಾರದ ಪ್ರಮಾಣವು ಉಣ್ಣುವವನ ಜಠರಾಗ್ನಿಯ ಬಲವನ್ನು ಅವಲಂಬಿಸಿದೆ ಎಂದು ಚರಕಸಂಹಿತೆಯ ಸೂತ್ರಸ್ಥಾನವು ಬೋಧಿಸುತ್ತದೆ. ಎಲ್ಲರಿಗೂ ಒಂದೇ ಅಳತೆಯಿಲ್ಲ. ಒಬ್ಬನಿಗೇ ನಿನ್ನೆಯ ಅಳತೆ ಇಂದಿನದಲ್ಲ. ಅದೇ ಗ್ರಂಥದ ವಿಮಾನಸ್ಥಾನವು ಹೊಟ್ಟೆಯನ್ನು 3 ಭಾಗಗಳಾಗಿ ಎಣಿಸಿ, ಒಂದನ್ನು ಗಟ್ಟಿಯಾದ ಆಹಾರಕ್ಕೆ, ಒಂದನ್ನು ದ್ರವಕ್ಕೆ, ಇನ್ನೊಂದನ್ನು ವಾತ ಪಿತ್ತ ಕಫಗಳ ಸಂಚಾರಕ್ಕೆ ಬಿಡಬೇಕೆನ್ನುತ್ತದೆ. ತಡೆಯಬಾರದ 13 ವೇಗಗಳಲ್ಲಿ ಹಸಿವನ್ನೂ ಬಾಯಾರಿಕೆಯನ್ನೂ ಸೇರಿಸಿದೆ. ಆದುದರಿಂದ ಹಸಿದಾಗ ಉಣ್ಣದಿರುವುದೂ, ಹಸಿಯದೆ ಉಣ್ಣುವುದೂ ಎರಡೂ ಅಗ್ನಿಗೆ ಮಾಡಿದ ಅಪಚಾರಗಳೇ.

ಇಂದಿನ ವಿಜ್ಞಾನವೂ ದೇಹದ ಈ ನುಡಿಯನ್ನು ಗುರುತಿಸಿದೆ. 1994ರಲ್ಲಿ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ರಸವನ್ನೂ, 1999ರಲ್ಲಿ ಮುಖ್ಯವಾಗಿ ಜಠರದಿಂದ ಹೊರಡುವ ಗ್ರೆಲಿನ್ ಎಂಬ ರಸವನ್ನೂ ವಿಜ್ಞಾನಿಗಳು ಕಂಡುಹಿಡಿದರು. ಮೊದಲನೆಯದು ದೇಹದಲ್ಲಿ ಸಂಗ್ರಹವಿದೆಯೆಂಬುದನ್ನು ಮಿದುಳಿಗೆ ತಿಳಿಸುತ್ತದೆ. ಎರಡನೆಯದು ಹಸಿವನ್ನು ಎಬ್ಬಿಸುತ್ತದೆ. ಉಂಡದ್ದು ಸಾಕೆಂಬ ಸುದ್ದಿಯು ಪೂರ್ಣವಾಗಿ ಮಿದುಳನ್ನು ಮುಟ್ಟಲು ಕೆಲವು ನಿಮಿಷಗಳೇ ಬೇಕು. ಅವಸರದಿಂದ ನುಂಗುವವನು ಆ ಸುದ್ದಿ ಬರುವ ಮೊದಲೇ ಮಿತಿಯನ್ನು ಮೀರಿರುತ್ತಾನೆ.

ಇಲ್ಲಿ ಒಂದು ಶಂಕೆಯು ಏಳಬಹುದು. ಹಸಿವು, ತೃಷೆ, ನಿದ್ರೆಗಳು ತನ್ನನ್ನು ತಡೆಯದಿರಲೆಂದು ಅಕ್ಕಮಹಾದೇವಿಯು ಬೇಡಿಕೊಂಡಿಲ್ಲವೇ? ಬೇಡಿಕೊಂಡಿದ್ದಾಳೆ. ಆದರೆ ಹಸಿವಾದರೆ ಊರಲ್ಲಿ ಭಿಕ್ಷೆಯುಂಟೆಂದು ಧೈರ್ಯದಿಂದ ನುಡಿದವಳೂ ಅವಳೇ. ಹಸಿವು ಒಡೆಯನಾಗಿ ದಾರಿಗೆ ಅಡ್ಡ ನಿಂತಾಗ ಅದನ್ನು ನಿಲ್ಲಿಸಿದಳು; ಸೇವಕನಂತೆ ಬಂದು ತಿಳಿಸಿದಾಗ ಅದಕ್ಕೆ ಬೇಕಾದಷ್ಟನ್ನು ಕೊಟ್ಟಳು. ಹಸಿವಿನ ಮಾತನ್ನು ಕೇಳುವುದು ಬೇರೆ, ಹಸಿವಿಗೆ ದಾಸರಾಗುವುದು ಬೇರೆ.

ಹಾಗಾದರೆ ದೇಹದ ಮಾತಾವುದು, ನಾಲಗೆಯ ಮಾತಾವುದು? ಪರೀಕ್ಷೆಯು ಸುಲಭ. ನಿಜವಾಗಿ ಹಸಿದವನಿಗೆ ಜೋಳದ ರೊಟ್ಟಿ, ಪುಂಡಿಪಲ್ಯವೂ ರುಚಿಸುತ್ತವೆ. ರೊಟ್ಟಿಯನ್ನು ಒಲ್ಲದೆ ಕರಿದುದನ್ನೇ, ಸಿಹಿಯನ್ನೇ ಬೇಡುವುದು ನಾಲಗೆಯ ಹಟ. ಹಸಿವು ಮೆಲ್ಲಮೆಲ್ಲನೆ ಬೆಳೆಯುತ್ತದೆ; ಬಯಕೆಯು ಕಂಡೊಡನೆ ಹಾರಿಬರುತ್ತದೆ. ಬೇಸರಕ್ಕೂ ಸಿಟ್ಟಿಗೂ ತಿನ್ನುವವನ ತಿಂಡಿಗೆ ಕೊನೆಯಿಲ್ಲ. ಏಕೆಂದರೆ ಅಲ್ಲಿ ಹಸಿದದ್ದು ಹೊಟ್ಟೆಯಲ್ಲ. ಇನ್ನು ತೃಪ್ತಿಯ ಗುರುತುಗಳು: ಮೊದಲ ತುತ್ತಿನ ರುಚಿಯು ತಗ್ಗುತ್ತದೆ, ಕೈಯು ತಾನಾಗಿ ನಿಧಾನವಾಗುತ್ತದೆ, ಉಸಿರು ಹಗುರಾಗಿರುವಾಗಲೇ ಒಳಗಿನಿಂದ “ಸಾಕು” ಎಂಬ ಮಾತು ಏಳುತ್ತದೆ.

ಆ ಮಾತನ್ನು ಕೇಳಿದ ಮೇಲೆ ತಳಿಗೆಯಲ್ಲಿ ಉಳಿದುದನ್ನು ಏನು ಮಾಡಬೇಕು? ಇದಕ್ಕೆ ಉತ್ತರವು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿದೆ. ಅವಳ ಪತಿ ಮಾರಯ್ಯನು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಶರಣೆಯು ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದುಬರಲು ಕಳುಹಿದಳೆಂದು ಪರಂಪರೆಯು ಹೇಳುತ್ತದೆ. ಅಕ್ಕಿಯು ಒಲೆಯನ್ನೇರುವ ಮೊದಲೇ ಅವಳು ಸಾಕೆಂದಳು. ಮಿತಿಯನ್ನು ಉಂಡ ಮೇಲೆ ಹುಡುಕುವುದಲ್ಲ, ನೀಡಿಸಿಕೊಳ್ಳುವ ಮೊದಲೇ ಅರಿಯಬೇಕು. ಮೊದಲು ಸ್ವಲ್ಪವೇ ನೀಡಿಸಿಕೊಂಡು, ಬೇಕಾದರೆ ಮತ್ತೆ ಕೇಳುವವನಿಗೆ ಚೆಲ್ಲುವ ಪಾಪವೂ ಇಲ್ಲ, ಅತಿಯ ರೋಗವೂ ಇಲ್ಲ. ಲಿಂಗಾರ್ಪಣಕ್ಕಾಗಿ ಕೈಯು ನಿಲ್ಲುವ ಆ ಒಂದು ಕ್ಷಣವೇ ಹಸಿವನ್ನು ವಿಚಾರಿಸಲು ತಕ್ಕ ಸಮಯ. ಬಡಿಸುವ ತಾಯಂದಿರೂ ಒಂದನ್ನು ನೆನೆಯಬೇಕು: ಅತಿಥಿಯ “ಸಾಕು” ಎಂಬ ಮಾತನ್ನು ಮನ್ನಿಸುವುದೂ ದಾಸೋಹವೇ. ಮಕ್ಕಳ ಬಾಯಿಗೆ ಬಲವಂತದಿಂದ ತುರುಕಿದರೆ ಹುಟ್ಟಿನಿಂದ ಬಂದ ಆ ಅರಿವು ಮಂಕಾಗುತ್ತದೆ.

ರೋಗಿಗಳ ವಿಷಯದಲ್ಲಿ ಎಚ್ಚರವು ಬೇಕು. ಜ್ವರದಲ್ಲಿ, ಮುಪ್ಪಿನಲ್ಲಿ ಹಸಿವು ಮೌನವಾಗಬಹುದು. ಮಧುಮೇಹಕ್ಕೆ ಔಷಧವನ್ನು ತೆಗೆದುಕೊಳ್ಳುವವರು ಹಸಿವಿಲ್ಲವೆಂದು ಊಟವನ್ನು ಬಿಟ್ಟರೆ ಅಪಾಯವುಂಟು. ಅಂಥವರಿಗೆ ವೈದ್ಯರ ಮಾತೇ ಪ್ರಮಾಣ.

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ದಿನನಿತ್ಯ ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನವನ್ನಿಕ್ಕಿದರು. ತಾವು ಮಾತ್ರ ಮಿತಾಹಾರಿಗಳಾಗಿದ್ದರು. ತನಗೆ ಎಲ್ಲಿ ಸಾಕಾಯಿತೆಂಬುದನ್ನು ಅರಿತವನಿಗೆ, ಇನ್ನೊಬ್ಬನಿಗೆ ಎಷ್ಟು ಸಾಲದಾಗಿದೆ ಎಂಬುದು ಕಾಣುತ್ತದೆ. ಒಳಗಿನ ಹಸಿವಿಗೆ ಕಿವಿಗೊಡದವನು ಹೊರಗಿನ ಹಸಿವಿಗೂ ಕಿವುಡನಾಗುವನು. ಆದಕಾರಣ ಸದ್ಭಕ್ತರು ಹಸಿವನ್ನು ಕೇಳಿ ಉಣ್ಣಲಿ, ತೃಪ್ತಿಯನ್ನು ಕೇಳಿ ಕೈತೊಳೆಯಲಿ, ಉಳಿದುದನ್ನು ಹಸಿದವರಿಗೆ ನೀಡಲಿ. ಪ್ರಸಾದಿಯ ಲಕ್ಷಣವು ಇದೇ.