ಕೂಸಿನ ಕಾಯ, ತಾಯ್ತಂದೆಗಳ ಹೊಣೆ

ಕೂಸು ಗರ್ಭದಲ್ಲಿರುವಾಗಲೇ ಎಂಟನೆಯ ತಿಂಗಳಿನಲ್ಲಿ ಲಿಂಗಸಂಸ್ಕಾರವನ್ನು ಮಾಡಿಸುವುದು ವೀರಶೈವ ಗೃಹಸ್ಥರಲ್ಲಿ ನಡೆದುಬಂದ ಆಚಾರ. ಹುಟ್ಟಿದ ಮೇಲೆ ಗುರುಹಸ್ತದಿಂದ ಇಷ್ಟಲಿಂಗವು ಅದರ ಅಂಗವನ್ನು ಸೇರುತ್ತದೆ. ಬೇಕೋ ಬೇಡವೋ ಎಂದು ಆ ಶಿಶುವನ್ನು ಯಾರೂ ಕೇಳುವುದಿಲ್ಲ; ಕೇಳಿದರೆ ಹೇಳಲು ಅದಕ್ಕೆ ಮಾತು ಬಾರದು. ಅದರ ಪರವಾಗಿ ಹಿರಿಯರೇ ನಿಶ್ಚಯಿಸುತ್ತಾರೆ. ಆದರೆ ಆ ಅಧಿಕಾರವು ಒಡೆತನದಿಂದ ಬಂದುದಲ್ಲ. ಮಗು ಶಿವನಿತ್ತ ಪ್ರಸಾದ. ಪ್ರಸಾದವನ್ನು ಕೆಡಗೊಡುವ ಹಕ್ಕು ಯಾವ ಭಕ್ತನಿಗೂ ಇಲ್ಲ. ಮಕ್ಕಳಿಗೆ ಲಸಿಕೆ ಹಾಕಿಸುವುದೋ ಬಿಡುವುದೋ ಎಂಬ ವಿಚಾರ ಮನೆಯಲ್ಲಿ ಎದ್ದಾಗ ಮೊದಲು ನೆನೆಯಬೇಕಾದುದು ಇದನ್ನೇ.

ಈ ವಿಚಾರ ಇಂದಿನದಲ್ಲ. ಹಸುವಿನ ಸಿಡುಬಿನಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಜೆನ್ನರನು 1796ರಲ್ಲಿ ತೋರಿಸಿದನು. 1802ರಲ್ಲಿ ಮುಂಬಯಿಯ ಮೂರು ವರ್ಷದ ಬಾಲಿಕೆಯೊಬ್ಬಳು ಈ ದೇಶದಲ್ಲಿ ಅದನ್ನು ಮೊದಲು ಪಡೆದಳು. ಮೂರೇ ವರ್ಷಗಳ ತರುವಾಯ, 1805ರಲ್ಲಿ, ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಅವರಲ್ಲೊಬ್ಬಾಕೆ ಸೀರೆಯನ್ನು ಸರಿಸಿ ತೋಳನ್ನು ತೋರುತ್ತಿರುವಳು. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿಯೆಂದೂ, ತೋರುತ್ತಿರುವುದು ಲಸಿಕೆ ಹಾಕಿದ ಜಾಗವನ್ನೆಂದೂ, ಇದಕ್ಕೆ ಹಿರಿಯರಾದ ಲಕ್ಷ್ಮಮ್ಮಣ್ಣಿಯವರ ಬೆಂಬಲವಿತ್ತೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಅಭಿಪ್ರಾಯಪಟ್ಟಿದ್ದಾರೆ. ಮೈಮೇಲೆ ಬೊಕ್ಕೆ ಎದ್ದರೆ ಅಮ್ಮ ಬಂದಳೆಂದು ಕೈಮುಗಿದು ನಡುಗುತ್ತಿದ್ದ ಕಾಲವದು! ಅಂತಹ ದೈವಭೀತಿಯನ್ನು ತೊರೆಯಿರೆಂದು ಶರಣರು ಅದಕ್ಕೂ ಎಷ್ಟೋ ಶತಮಾನಗಳ ಮೊದಲೇ ಸಾರಿದ್ದರು. ಕೇಳಿದವರು ಎಷ್ಟು ಮಂದಿಯೋ. ಸಿಡುಬು ಭಾರತದಲ್ಲಿ ಕಡೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಅರಮನೆಯ ಮಾತು ಹಾಗಿರಲಿ. ಹೊಸೂರು ಹೆದ್ದಾರಿಯ ಮೇಲಿರುವ, ಆನೇಕಲ್ ತಾಲ್ಲೂಕಿನ ಚಂದಾಪುರವನ್ನು ನೋಡಬಹುದು. ಬೊಮ್ಮಸಂದ್ರದ ಕಾರ್ಖಾನೆಗಳಿಗೂ ಎಲೆಕ್ಟ್ರಾನಿಕ್ ಸಿಟಿಗೂ ಕಾಯಕಕ್ಕೆ ಹೋಗುವವರು ನಾನಾ ಸೀಮೆಗಳಿಂದ ಬಂದು ಅಲ್ಲಿ ಬಾಡಿಗೆಗಿದ್ದಾರೆ. ಒಂದು ಗೋಡೆಯ ಈಚೆ ಒಂದು ಸಂಸಾರ, ಆಚೆ ಇನ್ನೊಂದು. ದಡಾರದ ರೋಗಿ ಕೆಮ್ಮಿ ಹೋದ ಕೋಣೆಯ ಗಾಳಿಯಲ್ಲಿ ಆ ಸೋಂಕು ಎರಡು ಗಂಟೆಗಳವರೆಗೂ ಉಳಿಯಬಲ್ಲುದು. ರಕ್ಷಣೆಯಿಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲುದು. ಅದರ ಲಸಿಕೆಯ ಮೊದಲ ವರಸೆ ಸಾಮಾನ್ಯವಾಗಿ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಹಾಗಾದರೆ ಆರು ತಿಂಗಳ ಹಸುಗೂಸಿಗೆ ಯಾವ ಕಾಪು? ನೆರೆಮನೆಯ ದೊಡ್ಡ ಮಕ್ಕಳು ಹಾಕಿಸಿಕೊಂಡ ಲಸಿಕೆಯೇ ಅದಕ್ಕೆ ಬೇಲಿ. ನೂರಕ್ಕೆ 95 ಮಂದಿಗಾದರೂ ರಕ್ಷಣೆಯಿದ್ದರೆ ಆ ಬೇಲಿ ನಿಲ್ಲುತ್ತದೆ. ನಮ್ಮ ಮಗು, ನಮ್ಮ ಇಷ್ಟ ಎಂದವರು ತಮ್ಮ ಹೊಸಿಲೊಳಗಿನ ಮಾತನ್ನಷ್ಟೇ ಆಡಿದಂತಾಯಿತು. ದಾಸೋಹವನ್ನು ಅನ್ನದಲ್ಲಿ ಮಾತ್ರ ಕಂಡವರಿಗೆ ಈ ಬೇಲಿ ಕಾಣದು.

ಇಷ್ಟಾದರೂ ಹೆತ್ತವರ ಅಂಜಿಕೆಯನ್ನು ಹಳಿಯುವುದು ಸಲ್ಲದು. ಚುಚ್ಚಿದಾಗ ಅಳುವ ಕೂಸನ್ನು ಎದೆಗೊತ್ತಿಕೊಳ್ಳುವವಳು ತಾಯಿ, ಬುದ್ಧಿ ಹೇಳುವವರಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲುಗಳಲ್ಲಿ ಹರಿದಾಡಿದ ವದಂತಿಗಳು ಅನೇಕರನ್ನು ಹೆದರಿಸಿದವು. ಹಿಂದೆ ಅಮ್ಮನ ಹೆಸರಿನಲ್ಲಿ ಬಂದ ಭೀತಿ ಈಗ ಬೇರೆ ವೇಷದಲ್ಲಿ ಬಂದಿತು. ಜ್ವರ, ತೋಳುನೋವು ಕೆಲವರಿಗೆ ಬರುವುದು ನಿಜ. ಅವು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಇಳಿಯುತ್ತವೆ. ತೀವ್ರವಾದ ಅಲರ್ಜಿ ಬಹು ಅಪರೂಪ, ಆದರೆ ಇಲ್ಲವೆಂದಲ್ಲ. ಅದಕ್ಕೆಂದೇ ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಹಿಂದಿನ ವರಸೆಗೆ ಮಗು ತೀರ ಬಳಲಿದ್ದರೆ, ಇಲ್ಲವೆ ರೋಗನಿರೋಧಕ ಶಕ್ತಿಯೇ ಕುಂದಿದ ಕಾಯಿಲೆಯಿದ್ದರೆ, ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಶಂಕೆಯನ್ನು ಬಲ್ಲವರ ಮುಂದಿಟ್ಟು ಕೇಳುವುದು ಶರಣರ ಅನುಭವ ಮಂಟಪದ ರೀತಿಯೇ ಆಗಿದೆ. ಕೇಳದೆ ಬಾಗಿಲಿಕ್ಕಿಕೊಳ್ಳುವುದು ಆ ರೀತಿಯಲ್ಲ.

ಚಂದಾಪುರದಂತಹ ಊರುಗಳಲ್ಲಿ ಲಸಿಕೆ ತಪ್ಪುವುದು ಹಟದಿಂದಲೇ ಅಲ್ಲ. ಪಾಳಿ ಬದಲಾಗುತ್ತದೆ, ಮನೆ ಬದಲಾಗುತ್ತದೆ. ಎರಡನೆಯ ವರಸೆಯ ದಿನ ಮರೆತುಹೋಗುತ್ತದೆ. ತಡವಾಯಿತೆಂದು ನಾಚಿ ಕೂರುವವರೂ ಉಂಟು. ಆದರೆ ತಪ್ಪಿದಲ್ಲಿಂದಲೇ ಮುಂದುವರಿಸಬಹುದು, ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಮನೆ ಬಿಡುವಾಗ ಪಾತ್ರೆಪಡಗದೊಡನೆ ತಾಯಿ ಕಾರ್ಡನ್ನೂ ಗಂಟಿಗೆ ಸೇರಿಸಿಕೊಂಡು, ಹೊಸ ಬೀದಿಯ ಅಂಗನವಾಡಿಯಲ್ಲಿ ಅದನ್ನು ತೋರಿಸಿದರೆ, ಮುಂದಿನ ವರಸೆ ಎಲ್ಲಿ, ಎಂದು ಎಂಬುದನ್ನು ಅಲ್ಲಿಯವರು ಹೇಳುತ್ತಾರೆ.