ಹಾಡುವ ರೇಡಿಯೊ, ಕಾಣದ ಅಂಕಿ

ವೈಟ್‌ಫೀಲ್ಡ್‌ನಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಕೋಲಾರದ ಅಂತರಗಂಗೆ ಕಡೆಗೆ ಭಾನುವಾರ ಬೆಳಗ್ಗೆ ಹೊರಡುವ ಬೈಕುಗಳ ಗುಂಪಿನಲ್ಲಿ ರೇಡಿಯೊ ಇರುವ ದೊಡ್ಡ ಟೂರಿಂಗ್ ಬೈಕು ಎಲ್ಲೋ ಒಂದಿರುತ್ತದೆ. ನಾಲ್ಕಾರು ಬೇಸಿಗೆ ಕಂಡ ಮೇಲೆ ಅದಕ್ಕೊಂದು ಕಾಯಿಲೆ ಹತ್ತುತ್ತದೆ. 102.9ರಲ್ಲಿ ವಿವಿಧ ಭಾರತಿ ಚೆನ್ನಾಗಿಯೇ ಹಾಡುತ್ತಿರುತ್ತದೆ, ಪರದೆಯ ಮೇಲೆ ಅಂಕಿ ಮಾತ್ರ ಕಾಣುವುದಿಲ್ಲ. ರೇಡಿಯೊ ಇಲ್ಲದ ನಮ್ಮ ನಿಮ್ಮ ಗಾಡಿಗಳ ಮೀಟರಿಗೂ ಅಂಥದೇ ಪರದೆ, ಅದೇ ಕಾಯಿಲೆ. ಪೀಣ್ಯದ ಕಾರ್ಖಾನೆಗಳ ಮುಂದೆ ಶಿಫ್ಟು ಮುಗಿಯುವವರೆಗೂ ಬಿಸಿಲಲ್ಲಿ ನಿಂತ ಗಾಡಿಗಳನ್ನು ನೋಡುತ್ತಾ ಹೋಗಿ. ಮೀಟರಿನ ನಡುವೆ ನೇರಳೆಯೋ ಕಪ್ಪೋ ಮಚ್ಚೆ ಬಿದ್ದ ಗಾಡಿ ಸಿಕ್ಕೇ ಸಿಗುತ್ತದೆ.

ಸರ್ವೀಸ್ ಸೆಂಟರಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ, 'ಡಿಸ್‌ಪ್ಲೇ ಹೋಗಿದೆ ಸರ್, ಫುಲ್ ಅಸೆಂಬ್ಲಿನೇ ಚೇಂಜ್ ಮಾಡ್ಬೇಕು.' ಸಾವಿರಗಟ್ಟಲೆ ರೂಪಾಯಿಯ ಈ ಮಾತನ್ನು ಒಪ್ಪುವ ಮೊದಲು, ನಿಜವಾಗಿ ಹೋಗಿರುವುದು ಏನು ಎಂದು ಕೇಳುವ ಹಕ್ಕು ಗಾಡಿ ಕೊಂಡವನಿಗೆ ಇದೆ.

ಇಂಥ ಮೀಟರಿನ ಎಲ್‌ಸಿಡಿ ಪರದೆಯಲ್ಲಿ ಎರಡು ತೆಳು ಗಾಜುಗಳ ನಡುವೆ ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ದ್ರವಸ್ಫಟಿಕ ತುಂಬಿರುತ್ತದೆ. ಗಾಜುಗಳ ಹಿಂದೊಂದು ಮುಂದೊಂದು ಪೋಲರೈಸರ್ ಫಿಲ್ಮ್ ಅಂಟಿಸಿರುತ್ತಾರೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಅದು ಒಳಗೆ ಬಿಡುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ಸುಟ್ಟು ಮಚ್ಚೆಯಾಗುವುದು ಹೆಚ್ಚಾಗಿ ಈ ಫಿಲ್ಮೇ. ಒಳಗಿನ ಗಾಜಿಗೆ, ಸರ್ಕ್ಯೂಟಿಗೆ ಏನೂ ಆಗಿರುವುದಿಲ್ಲ. ಅಂಕಿಯ ಒಂದೆರಡು ಗೆರೆ ಮಾತ್ರ ಮಾಯವಾಗಿ, ಅಂಚನ್ನು ಒತ್ತಿದಾಗ ಮತ್ತೆ ಮೂಡಿದರೆ ತಪ್ಪು ಫಿಲ್ಮಿನದಲ್ಲ. ಗಾಜನ್ನು ಬೋರ್ಡಿಗೆ ಸೇರಿಸುವ ರಿಬ್ಬನ್ನೋ ರಬ್ಬರ್ ಪಟ್ಟಿಯೋ ಸಡಿಲವಾಗಿದೆ. ಹಗಲು ಕಂಡು ರಾತ್ರಿ ಕಾಣದಿದ್ದರೆ ಹಿಂದಿನ ದೀಪ ಹೋಗಿದೆ. ನಡು ಮಧ್ಯಾಹ್ನ ಇಡೀ ಪರದೆ ಕಪ್ಪಾಗಿ, ನೆರಳಿಗೆ ತಂದ ಸ್ವಲ್ಪ ಹೊತ್ತಿಗೆ ಸರಿಹೋದರೆ ದ್ರವಸ್ಫಟಿಕ ಕಾದು ತನ್ನ ಜೋಡಣೆ ಕಳೆದುಕೊಂಡಿತ್ತು, ಅಷ್ಟೇ. ಇನ್ನು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದವರಿಗೆ ಸರಿಯಾದ ಪರದೆಯೂ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುತ್ತದೆ. ಕನ್ನಡಕ ತೆಗೆದು ನೋಡದೆ ಯಾರೂ ದುಡ್ಡು ಕೊಡಬಾರದು.

ಫಿಲ್ಮಿನ ಬೆಳಕು, ನಡುವಿನ ದ್ರವ, ಎರಡರ ವಿಜ್ಞಾನಕ್ಕೂ ನಮ್ಮ ಊರಿನ ಕೊಡುಗೆ ದೊಡ್ಡದು. ಅದೂ ಒಂದೇ ಮನೆಯ ಅಣ್ಣ ತಮ್ಮಂದಿರಿಂದ. ಸರ್ ಸಿ.ವಿ. ರಾಮನ್ ಅವರ ತಂಗಿಯ ಮಕ್ಕಳು ಇವರು. ತಮ್ಮ ಎಸ್. ಪಂಚರತ್ನಂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು 1956ರಲ್ಲಿ ಧ್ರುವೀಕೃತ (ಪೋಲರೈಸ್ಡ್) ಬೆಳಕಿನ ಬಗ್ಗೆ ಬರೆದದ್ದನ್ನು ಜಗತ್ತು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತದೆ. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಾಗ ಬರೀ ಮೂವತ್ತೈದು. ಅಣ್ಣ ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿ, 1971ರಲ್ಲಿ ರಾಮನ್ ಸಂಸ್ಥೆಗೆ ಬಂದರು. ದ್ರವಸ್ಫಟಿಕದ ಅಣುಗಳೆಂದರೆ ಕಡ್ಡಿಯಾಕಾರದವು ಎಂದೇ ನಂಬಿದ್ದ ಕಾಲದಲ್ಲಿ, ಬಿಲ್ಲೆಯಾಕಾರದ ಅಣುಗಳೂ ಹಾಗೆ ನಡೆದುಕೊಳ್ಳುತ್ತವೆ ಎಂದು ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಡನೆ 1977ರಲ್ಲಿ ತೋರಿಸಿಕೊಟ್ಟರು. ಪರದೆಯನ್ನು ಪಕ್ಕದಿಂದ ನೋಡಿದಾಗಲೂ ಚಿತ್ರ ಮಾಸದಂತೆ ಮಾಡುವ ಫಿಲ್ಮುಗಳಲ್ಲಿ ಮುಂದೆ ಆ ಬಗೆಯ ಅಣುಗಳೇ ಬಳಕೆಗೆ ಬಂದವು. 1991ರಲ್ಲಿ ದ್ರವಸ್ಫಟಿಕಗಳಿಗೆಂದೇ ಅವರು ಕಟ್ಟಿದ ಸಂಶೋಧನಾ ಕೇಂದ್ರ ನೆಲೆಯಾದದ್ದು ಜಾಲಹಳ್ಳಿಯಲ್ಲಿ, ಪೀಣ್ಯದ ಮಗ್ಗುಲಲ್ಲೇ.

ಇಂಥ ಊರಿನಲ್ಲಿ ಒಂದು ಫಿಲ್ಮು ಸುಟ್ಟಿತೆಂದು ಇಡೀ ಮೀಟರು ಗುಜರಿಗೆ ಹೋಗುವುದನ್ನು ಕಂಡರೆ ನನಗೆ ನೋವಾಗುತ್ತದೆ.

ರಿಪೇರಿ ಬಲ್ಲವರು ಇಲ್ಲವೆಂದಲ್ಲ. ಎಸ್.ಪಿ. ರೋಡಿನ ಅಂಗಡಿಗಳಲ್ಲಿ, ಬಡಾವಣೆಯ ಮೊಬೈಲ್ ರಿಪೇರಿ ಮೇಜುಗಳ ಮುಂದೆ ಈ ಕೆಲಸ ಗೊತ್ತಿರುವ ಕೈಗಳಿವೆ. ಹಳೆಯ ಫಿಲ್ಮನ್ನು ಗಾಜು ಬಿರುಕು ಬಿಡದಂತೆ ಎಬ್ಬಿಸಿ, ಅಂಟನ್ನು ಆಲ್ಕೋಹಾಲ್ ಹಚ್ಚಿ ಒರೆಸಿ, ಹೊಸದನ್ನು ಸರಿಯಾದ ಕೋನಕ್ಕೆ ಕೂರಿಸಬೇಕು. ಕೋನ ತಿರುಗಿದರೆ ತಿಳಿ ಹಿನ್ನೆಲೆಯ ಕಪ್ಪು ಅಂಕಿ ಹೋಗಿ ಕಪ್ಪು ಹಿನ್ನೆಲೆಯ ಬಿಳಿ ಅಂಕಿ ಬಂದುಬಿಡುತ್ತದೆ. ತಾಳ್ಮೆ ಬೇಡುವ ಕೆಲಸ. ಈಚಿನ ಬಣ್ಣದ ಟಿಎಫ್‌ಟಿ ಪರದೆಗಳಲ್ಲಿ ಗಾಜಿನ ಪದರಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಇದು ಇನ್ನೂ ಕಷ್ಟ. ವಾರಂಟಿ ಇರುವ ಗಾಡಿಯ ಮೀಟರಿಗಂತೂ ಹೊರಗಿನವರ ಕೈ ಹಚ್ಚಿಸಬೇಡಿ.

ಅಸೆಂಬ್ಲಿ ಬದಲಾಯಿಸುವುದರಲ್ಲಿ ಬರೀ ದುಡ್ಡಿನ ನಷ್ಟವಲ್ಲ. ಎಷ್ಟೋ ಗಾಡಿಗಳಲ್ಲಿ ಓಡಿದ ಕಿಲೋಮೀಟರಿನ ಲೆಕ್ಕ ಇರುವುದು ಆ ಮೀಟರಿನೊಳಗೇ. ಹೊಸದು ಸೊನ್ನೆಯಿಂದ ಶುರುವಾದರೆ, ಮಾರುವ ದಿನ ಕೊಳ್ಳುವವನು ನಂಬುವುದು ಯಾವುದನ್ನು?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿದಾಗ ಮೊದಲು ಆರಿಸಿದ ನಾಲ್ಕು ವಲಯಗಳಲ್ಲಿ ವಾಹನಗಳೂ ಇದ್ದವು. ಆ ಹಕ್ಕು ಗಾಡಿಯವರೆಗೂ ಇಳಿಯಬೇಕಾದರೆ ಫಿಲ್ಮಿಗೆ, ರಿಬ್ಬನ್ನಿಗೆ, ಹಿಂದಿನ ದೀಪಕ್ಕೆ ಬೇರೆ ಬೇರೆ ಪಾರ್ಟ್ ನಂಬರು ಸಿಗಬೇಕು, ಬೆಲೆಪಟ್ಟಿಯಲ್ಲಿ ಅವೂ ಕಾಣಬೇಕು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಾಹನಗಳ ಎಲೆಕ್ಟ್ರಾನಿಕ್ಸ್ ರೂಪಿಸುವ ನಮ್ಮ ಹುಡುಗ ಹುಡುಗಿಯರು ಬಿಚ್ಚಿ ಜೋಡಿಸಲು ಬರುವಂಥ ಮೀಟರಿಗಾಗಿ ತಮ್ಮ ಮೇಜಿನಲ್ಲೇ ವಾದಿಸಬಹುದು. ಅಸೆಂಬ್ಲಿ ಬದಲಾಯಿಸಲೇಬೇಕಾದವರು ಹಳೆಯ ಮೀಟರನ್ನು ಕೇಳಿ ವಾಪಸು ಪಡೆಯಿರಿ, ಅದು ತೋರಿಸುತ್ತಿದ್ದ ಕಿಲೋಮೀಟರನ್ನು ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ.