ಮಹಾಜೀವವೆಂಬ ಪರವಸ್ತು

ಇರಾಕ್ ಮತ್ತು ಇರಾನ್ ದೇಶಗಳ ನದೀತೀರಗಳಲ್ಲಿ ಬಾಳಿಬಂದ ಮಂಡೇಯರೆಂಬ ಪುರಾತನ ಮತಸ್ಥರು ಪರದೈವವನ್ನು 'ಹಯ್ಯಿ ರಬ್ಬಿ' ಎಂದು ಕರೆಯುವರು. ಮಹಾಜೀವವೆಂದು ಅದರ ಅರ್ಥ. ಇಲ್ಲಿ ಜೀವವೆಂದರೆ ಪಾಶಬದ್ಧನಾದ ಜೀವಾತ್ಮನಲ್ಲ. ಸಕಲ ಚೈತನ್ಯಕ್ಕೂ ಮೂಲವಾದ, ಪ್ರತಿಮೆಯಿಲ್ಲದ ಬೆಳಕು.

ವಿಚಿತ್ರವೆಂದರೆ, ಈ ಲೋಕವನ್ನು ಕಟ್ಟಿದವನು ಆ ಪರದೈವವಲ್ಲ! ಅವರ 'ಗಿಂಜಾ ರಬ್ಬಾ' ಗ್ರಂಥದಲ್ಲಿ ಸೃಷ್ಟಿಕಥೆಗಳು ಹಲವುಂಟು. ಅವುಗಳೊಳಗೆ ಮುಖ್ಯವಾದುದರಂತೆ, ಪ್ತಾಹಿಲನೆಂಬ ಕೆಳಗಣ ಶಕ್ತಿಯು ಲೋಕವನ್ನೂ ಆದಮನ ಒಡಲನ್ನೂ ರಚಿಸಿತು. ಒಡಲು ಏಳಲಾರದೆ ಬಿದ್ದಿತ್ತು. ಬೆಳಕಿನ ಲೋಕದಿಂದ ಆತ್ಮವು ಬಂದ ಬಳಿಕವೇ ಆದಮನು ಎದ್ದನು. ಜಗತ್ತು ಶಿವಶಕ್ತಿಯಿಂದಲೇ ಆದುದೆಂಬ ಶರಣಮತವು ಈ ಭೇದವನ್ನು ಒಪ್ಪದು. ಆದರೂ ಮಂಡೇಯರು ಸಂಸಾರವನ್ನು ಹಳಿದವರಲ್ಲ. ಅವರ ಪುರೋಹಿತನೂ ಗೃಹಸ್ಥನಾಗಲೇಬೇಕು.

ನಿರಾಕಾರವಾದ ಆ ಮಹಾಜೀವವನ್ನು ಭಕ್ತನು ಮುಟ್ಟುವುದೆಂತು? ಹರಿಯುವ ನೀರಿನಲ್ಲಿ. ಅಂತಹ ನೀರೆಲ್ಲವೂ ಅವರಿಗೆ 'ಯರ್ದನಾ'. ಬಿಳಿಯ ವಸ್ತ್ರವನ್ನುಟ್ಟು ಅದರಲ್ಲಿಳಿದು, ಮಹಾಜೀವದ ನಾಮದಲ್ಲಿ ಮುಳುಗಿ, ಆ ನೀರನ್ನೇ ಸೇವಿಸುವರು. ಒಮ್ಮೆಗೆ ಮುಗಿಯುವ ಸಂಸ್ಕಾರವಲ್ಲವಿದು; ಬಾಳಿನುದ್ದಕ್ಕೂ ಮತ್ತೆ ಮತ್ತೆ ನಡೆಯತಕ್ಕುದು. ನಿಂತ ನೀರು ಸಲ್ಲದು.

2003ರ ಯುದ್ಧದ ತರುವಾಯ ಇರಾಕಿನ ಮಂಡೇಯರಲ್ಲಿ ಬಹುಮಂದಿ ದೇಶವನ್ನು ತೊರೆಯಬೇಕಾಯಿತು. ಇಷ್ಟಲಿಂಗವನ್ನು ಧರಿಸಿದ ಭಕ್ತನು ಎಲ್ಲಿಗೆ ಹೋದರೂ ದೇವನು ಅಂಗದ ಮೇಲೆಯೇ ಇರುವನು. ನದಿಯನ್ನಾದರೋ ಹೊತ್ತೊಯ್ಯಲು ಬಾರದು. ಆಸ್ಟ್ರೇಲಿಯಾ ದೇಶದ ಸಿಡ್ನಿ ನಗರದ ಪಶ್ಚಿಮದಲ್ಲಿ ನೆಪಿಯನ್ ಎಂಬ ನದಿಯುಂಟು. ವಲಸೆ ಹೋದ ಮಂಡೇಯರು ಈಗ ಬಿಳಿಯನ್ನುಟ್ಟು ಅದರಲ್ಲಿ ಇಳಿಯುತ್ತಾರೆ. ಅದೂ ಅವರಿಗೆ ಯರ್ದನಾ.